ಐದನೇ ನಂಬರಿನ ಬೂಟು

ಅತ್ತಿಗೆಗೆ ನಮಸ್ಕಾರ.

ಬಂದು ಮೂರು ವಾರವಾಯಿತು, ಕಾರ್ಡು ಬರೆಯುವುದಕ್ಕೂ ಕೈ ಏಳಲಿಲ್ಲ. ಬೆಳಿಗ್ಗೆ ಎಂ.ಟೆಕ್ ಪಾಠ, ಮಧ್ಯಾಹ್ನದಿಂದ ಕಾಂಕ್ರೀಟ್ ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ. ಅಲ್ಲಿ ಹೆಂಗಸು ಎಂದರೆ ನಾನೊಬ್ಬಳೇ. ಕೊಟ್ಟಿರುವ ಬೂಟು ಗಂಡಸರದು. ಹತ್ತಿ ತುರುಕಿಕೊಂಡು ಬಾತುಕೋಳಿಯ ಹಾಗೆ ನಡೆಯುತ್ತೇನೆ. ನನ್ನ ಅಳತೆಯದು ಬೇಕೆಂದು ಸ್ಟೋರಿನವರನ್ನು ಕೇಳಿದೆ. "ಒಬ್ರಿಗೋಸ್ಕರ ತರ್ಸೋಕಾಗಲ್ಲಮ್ಮ, ಇಬ್ರಾದ್ರೂ ಇರ್ಬೇಕು. ನೀವಾದ್ರೂ ಎಷ್ಟು ದಿನ ಇರ್ತೀರೋ ಏನೋ" ಎಂದರು. ಸುಸ್ತಾಗಿತ್ತು, ಜಗಳಕ್ಕೆ ನಿಲ್ಲಲಿಲ್ಲ. "ಇನ್ನೊಬ್ರು ಬರ್ತಾರೆ, ಐದನೇ ನಂಬರ್ ಬರ್ಕೊಳ್ಳಿ" ಎಂದು ನಿಮ್ಮ ಕಾಲಿನ ಅಳತೆ ಬರೆಸಿ ಬಂದೆ.

ಮದುವೆಯಾದಂದಿನಿಂದ ಟ್ರಂಕಿನ ತಳದಲ್ಲಿರುವ ನಿಮ್ಮ ಸಿವಿಲ್ ಡಿಗ್ರಿಯನ್ನು ಹೊರಗೆ ತೆಗೆಯಿರಿ. ಈ ಲ್ಯಾಬಿನ ಕೆಲಸದ ಅರ್ಜಿಗೆ ಇಪ್ಪತ್ತನೇ ತಾರೀಕು ಕೊನೆ. ನನ್ನ ಕೋಣೆಯಲ್ಲಿ ಒಂದು ಮಂಚ ಖಾಲಿ ಇದೆ. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿರುವುದು ಬಿಟ್ಟರೆ ಆರೋಗ್ಯವಾಗಿದ್ದೇನೆ. ಹೊತ್ತಾಯಿತು, ಮತ್ತೆ ಆ ಬೂಟಿಗೆ ಕಾಲು ತೂರಿಸಬೇಕು.

ಲಕೋಟೆಗೆ ಹಾಕದೆ ಕಾರ್ಡಿನಲ್ಲೇ ಬರೆದದ್ದು ಅಣ್ಣನೂ ಓದಲಿ ಎಂದೇ.

ನಿಮ್ಮ ನಾದಿನಿ