ಕೀಲಿ ಮಾತ್ರ ನನ್ನದು

ಮಂಗಳವಾರ, ಹನ್ನೊಂದನೇ ತಾರೀಖು.

ಬೆಳಿಗ್ಗೆ ನನ್ನ ಲ್ಯಾಪ್‌ಟಾಪ್ ಏಳಲೇ ಇಲ್ಲ. ನಮ್ಮ ಆ್ಯಪ್‌ಗೆ ‘ಇದು ಅಸಲಿ’ ಎಂದು ಸಹಿ ಹಾಕುವ ಡಿಜಿಟಲ್ ಕೀಲಿಯ ಫೈಲು ಇದ್ದದ್ದು ಅದೊಂದರಲ್ಲೇ. ರೋಗಿಗಳಿಗೆ ಮಾತ್ರೆಯ ಹೊತ್ತು ನೆನಪಿಸುವ ಆ್ಯಪ್ ಅದು. ತಪ್ಪು ಹೊತ್ತಿಗೆ ಗಂಟೆ ಹೊಡೆಯುತ್ತಿದೆ ಎಂದು ನಿನ್ನೆಯೇ ಗೊತ್ತಾಗಿತ್ತು. ಕೀಲಿ ಇಲ್ಲದೆ ತಿದ್ದಿ ಕಳಿಸಿದರೆ ಯಾರ ಫೋನೂ ಒಪ್ಪುವುದಿಲ್ಲ.

ದುಡಿಮೆಯ ಸಾಧನ ದುಡಿಯುವವರೆಲ್ಲರದು ಎಂದು ಕರಪತ್ರ ಓದಿ ಓದಿ ಭಾಷಣ ಬಿಗಿದವನು ನಾನು. ಆ್ಯಪ್ ಪರೀಕ್ಷಿಸುವ ನಮ್ಮ ತಂಡದ ‘ಟೆಸ್ಟಿಂಗ್ ಅಕ್ಕ’ ಸುಮ್ಮನೆ ಬಿಟ್ಟಾರೆಯೇ?

“ಏನಪ್ಪ ಕ್ರಾಂತಿಕಾರಿ, ಲೋಕವೆಲ್ಲ ಎಲ್ಲರದು, ಕೀಲಿ ಮಾತ್ರ ನಿಂದಾ?”

ಕಳ್ಳರ ಭಯ ಅಂದೆ. ಸುಳ್ಳು. ಆ್ಯಪ್‌ನ ಪ್ರತಿ ಹೊಸ ಆವೃತ್ತಿಯ ಬಿಡುಗಡೆಗೂ ಎಲ್ಲರೂ ನನ್ನ ಮೇಜಿನ ಬಳಿ ಬಂದು ಕಾಯುವುದು ನನಗೆ ಹಿತವಾಗಿತ್ತು. ಈ ಡೈರಿಯಲ್ಲಲ್ಲದೆ ಇದನ್ನು ಇನ್ನೆಲ್ಲೂ ಬರೆಯಲಾರೆ.

ಸಂಜೆ ರಿಪೇರಿಯವನು ಡಿಸ್ಕ್ ಬಿಚ್ಚಿ ಬೇರೆ ಯಂತ್ರಕ್ಕೆ ಸಿಕ್ಕಿಸಿದ. ಫೈಲು ಇತ್ತು! ಅದನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡೆ. ಆಮೇಲೆ ಕಚೇರಿಗೆ ಓಡಿ, ಅದನ್ನು ತಂಡದ ಸರ್ವರಿನಲ್ಲಿಟ್ಟು, ಪಾಸ್‌ವರ್ಡನ್ನು ಅಕ್ಕನಿಗೂ ಇನ್ನಿಬ್ಬರಿಗೂ ಕೊಟ್ಟೆ.

“ಮುಖ ನೋಡ್ಕೊ ಕನ್ನಡೀಲಿ. ಮನೆಗೆ ಹೋಗು, ತಿದ್ದಿದ ಆ್ಯಪ್ ನಾನೇ ಕಳಿಸ್ತೀನಿ,” ಅಂದರು ಅಕ್ಕ.

ಬಸ್ಸಿನಲ್ಲಿದ್ದಾಗ ಅಕ್ಕನ ಸಂದೇಶ ಬಂತು: “ಹೋಯ್ತಪ್ಪ. ನಿನ್ನ ನೆನಪು ಯಾರಿಗೂ ಆಗ್ಲಿಲ್ಲ.”

ಎದೆ ಹಗುರಾಗಿದೆ. ಒಂದಿಷ್ಟು ಹೊಟ್ಟೆಕಿಚ್ಚೂ ಇದೆ. ಅದನ್ನು ನಾಳೆ ನೋಡೋಣ, ಈಗ ಕಣ್ಣು ಎಳೆಯುತ್ತಿದೆ.