ಪ್ರಶ್ನಾರ್ಥಕ ಚಿಹ್ನೆಯ ಹಕ್ಕಿ

ಅಪ್ಪಾ,

ಇವತ್ತು ಬೆಳಿಗ್ಗೆ ಬಸ್ ಡಿಪೋ ಹಿಂದಿನ ಮೋರಿಗೆ ನಿನ್ನ ಹಕ್ಕಿ ಬಂದಿತ್ತು. ಅದೇ, ಗುಬ್ಬಿಗಾತ್ರದ ಮಿಂಚುಳ್ಳಿ. ನೇರಳೆ ಬೆನ್ನು, ಕೆಂಪು ಕೊಕ್ಕು. ಸವೆದ ಟೈರಿನ ಮೇಲಿಂದ ನೀರಿಗೆ ಧುಮುಕಿ, ಮೀನಿನ ಮರಿಯೊಂದನ್ನು ತಂದು, ಟೈರಿಗೆ ಬಡಿದು ಬಡಿದು ಕೊಂದು ನುಂಗಿತು. ಬಡಿಯುವುದರಲ್ಲಿ ನೀನೇನೂ ಕಡಿಮೆಯಿರಲಿಲ್ಲ.

ನಿನ್ನ ಹಕ್ಕಿ ನೋಟ್‌ಬುಕ್ಕಿನ ನಿಯಮ ನೆನಪಿದೆ: "ಇಬ್ರು ನೋಡಿದ್ರೆ ಮಾತ್ರ ನೋಟ್‌ಬುಕ್ಕಿಗೆ. ಒಬ್ಬನೇ ನೋಡಿದ್ದು ಬರೀ ಆಸೆ." ನನಗಾಗ ಹನ್ನೊಂದು ವರ್ಷ. ಇದೇ ಮೋರಿಯ ಪಕ್ಕ ನಾನು ಸೀನಿ ಯಾವುದೋ ಕೊಕ್ಕರೆ ಹಾರಿಹೋಯಿತೆಂದು ನೀನು ಕೆನ್ನೆಗೆ ಬಾರಿಸಿದೆ. ಉರಿ ಆರುವ ಮೊದಲೇ ಈ ಹಕ್ಕಿ ಬಂತು. ನನ್ನ ಭುಜ ಹಿಡಿದು ಅತ್ತ ತಿರುಗಿಸಿದೆ ನೀನು.

"ನೋಡಿದ್ಯಾ ಮಗಳೇ? ನೋಡಿದ್ಯಾ?" ಎಂದು ಕೇಳಿದೆ ನೀನು.

"ಯಾವ ಹಕ್ಕಿ?" ಎಂದೆ ನಾನು. ನಿನಗಿಂತ ಮೊದಲೇ ನೋಡಿದ್ದೆ.

ಮೂವತ್ತು ವರ್ಷ, ನೋಟ್‌ಬುಕ್ಕಿನ ಅಂಚಿನಲ್ಲಿ ನೀನು ಬರೆದಿಟ್ಟ ಅದರ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಗೇ ಉಳಿಯಿತು. ಸಾಯುವ ಮುಂಚೆ ಆಸ್ಪತ್ರೆಯ ಮಂಚದಲ್ಲೂ ನೀನು ಕೇಳಿದೆ: "ಈಗ್ಲಾದ್ರೂ ಹೇಳೇ, ಅವತ್ತು ನಿಂಗೇನೂ ಕಾಣ್ಲಿಲ್ವಾ?" ನಾನು ನಿನ್ನ ದಿಂಬು ಸರಿಮಾಡುತ್ತಾ, "ಇಲ್ಲಪ್ಪ, ನಿಂಗೆಲ್ಲೋ ಭ್ರಮೆ" ಎಂದೆ. ನಿನ್ನ ಮುಖ ಬಾಡಿದ್ದು ನೋಡಿ ನನ್ನ ಹೊಟ್ಟೆ ತಣ್ಣಗಾಯಿತು.

ಇವತ್ತು ನಿನ್ನ ನೋಟ್‌ಬುಕ್ ನನ್ನ ಚೀಲದಲ್ಲೇ ಇತ್ತು. ಯಾಕೆ ಒಯ್ದಿದ್ದೆ ಎಂದು ಕೇಳಬೇಡ. ಆ ಪುಟ ತೆರೆದು, ಪೆನ್ನಿನ ಮುಚ್ಚಳ ತೆಗೆದೆ. ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಮತ್ತೆ ಮುಚ್ಚಿದೆ.

ನಿನ್ನದೇ ನಿಯಮ ಅಪ್ಪಾ. ಇವತ್ತು ನೋಡಿದ್ದು ನಾನೊಬ್ಬಳೇ.