ಬೀಟ್ ಪಾರ್ಟಿಯ ಪರಿಚಯ ಭಾಷಣ

೪ ಫೆಬ್ರವರಿ ೧೯೬೮, ಭಾನುವಾರ. ಬಂಟ್ವಾಳ

ಏಳನೆಯ ಕ್ಲಾಸಿನ ಉತ್ತರ ಪತ್ರಿಕೆ ತಿದ್ದಿ ತಲೆ ಚಿಟ್ಟು ಹಿಡಿಯಿತು. ಕುಶಾಲಪ್ಪನ ರೇಡಿಯೊ ರಿಪೇರಿ ಅಂಗಡಿಗೆ ಹೋದೆ. ಹಿಂದಿನ ಕೋಣೆಯಲ್ಲಿ ಪ್ರಾಕ್ಟೀಸು. ಮೂರೇ ಜನ. ಅಬ್ದುಲ್ ಸಮದ್ ಗಿಟಾರ್ — ಮಾವ ಬೊಂಬಾಯಿಯಿಂದ ತಂದುಕೊಟ್ಟದ್ದು. ಚಿನ್ನಯ್ಯ ಹಾರ್ಮೋನಿಯಂ, ಭಜನೆ ಬಿಟ್ಟು ಬಂದವನು. ಡ್ರಮ್ಮು ಕುಶಾಲಪ್ಪನೇ. ಗಿಟಾರಿನ ವಯರನ್ನು ಹಳೆಯ ರೇಡಿಯೊಗೆ ಸಿಕ್ಕಿಸಿದ್ದಾನೆ. ಸದ್ದೋ... ಅಕ್ಕಿ ಮಿಲ್ಲಿನೊಳಗೆ ಯಾರೋ ಹಾಡಿದ ಹಾಗೆ. ಎದೆಗೇ ಬಡಿಯುತ್ತದೆ. ಸಿನಿಮಾ ಹಾಡಲ್ಲ, ಇವರೇ ಕಟ್ಟಿದ್ದು.

ಸಮದ್ ಚಪ್ಪಲಿ ಬಿಚ್ಚಿ ಕೂರಲು ಹೋದ. ಕುಶಾಲಪ್ಪ ಗದರಿದ. "ಈ ರೇಡಿಯೊದ ತಗಡಿಗೂ ಕರೆಂಟು ಬರ್ತದೆ ಮಾರಾಯ. ರಬ್ಬರ್ ಚಪ್ಪಲಿ ಇಲ್ಲದೆ ತಂತಿ ಮುಟ್ಲಿಕ್ಕಿಲ್ಲ. ನೀವೂ ಕೇಳಿ ಮಾಸ್ಟ್ರೇ."

ಕೇಳಿದೆ.

೧೧ ಫೆಬ್ರವರಿ

ಬರುವ ಶನಿವಾರ ಬೆಳ್ತಂಗಡಿಯ ಆಚೆ ಒಂದು ಯುವಕ ಮಂಡಲದ ವಾರ್ಷಿಕೋತ್ಸವ. ಈ ಮೂವರ ವಾದ್ಯತಂಡ ನೇತ್ರಾವತಿ ಬೀಟ್ ಪಾರ್ಟಿಯ ಮೊದಲ ಪ್ರೋಗ್ರಾಮು! ಪರಿಚಯ ಭಾಷಣ ನನ್ನದು. ಬರೆದು ಓದಿ ತೋರಿಸಿದೆ. ಸಮದ್ ಬಾರಿಸುವಾಗ ಮೈ ಕುಣಿಸುತ್ತಾನೆ. ಊರವರು ಹುಚ್ಚೆನ್ನಬಾರದೆಂದು ಅದನ್ನೂ ಸೇರಿಸಿದೆ — "ಇವರ ಮೈ ನಡುಗಿದರೆ ಹೆದರಬೇಡಿ, ಚಪ್ಪಾಳೆ ತಟ್ಟಿ." ಮೂವರೂ ಬಿದ್ದು ಬಿದ್ದು ನಕ್ಕರು.

೧೯ ಫೆಬ್ರವರಿ

ಬರೆಯಬೇಕು. ಇಲ್ಲಲ್ಲದೆ ಇನ್ನೆಲ್ಲಿ.

ಮಣ್ಣಿನ ಸ್ಟೇಜು. ಸಾಯಂಕಾಲವಷ್ಟೇ ಸೆಗಣಿ ಸಾರಿಸಿದ್ದರು, ಹಸಿ ಆರಿರಲಿಲ್ಲ. ಮುಂದೆ ದೀಪ, ಸರಸ್ವತಿಯ ಫೋಟೊ. ಸಮದ್ ಹತ್ತಿದ ಕೂಡಲೇ ಎದುರಿನ ಸಾಲಿನಲ್ಲಿ ಗುಜುಗುಜು — "ಬ್ಯಾರಿಯ ಹುಡುಗ, ದೀಪದ ಎದುರು ಚಪ್ಪಲಿ ಹಾಕಿ ನಿಂತಿದ್ದಾನೆ ನೋಡಿ." ನನಗೆ ಗಾಬರಿ. ಗಲಾಟೆ ಆಗಬಾರದಲ್ಲ. ಕಿವಿಯಲ್ಲಿ ಹೇಳಿದೆ, "ಚಪ್ಪಲಿ ತೆಗಿ ಮಾರಾಯ, ದೀಪ ಉಂಟಲ್ಲ."

ಅವನು ಕುಶಾಲಪ್ಪನ ಕಡೆ ನೋಡಿದ. ಕುಶಾಲಪ್ಪ ಬಗ್ಗಿ ಡ್ರಮ್ಮು ಬಿಗಿಯುತ್ತಿದ್ದ.

"ಏನೂ ಆಗುವುದಿಲ್ಲ," ಎಂದೆ. ನಾನೇ ಎಂದೆ.

"ಆಯ್ತು ಮಾಸ್ಟ್ರೇ." ಮೆಟ್ಟಿಲಿಗೆ ಹೋಗಿ ಚಪ್ಪಲಿ ಬಿಟ್ಟು ಬಂದ.

ಭಾಷಣ ಓದಿದೆ. ಸಮದ್ ತಂತಿ ಮುಟ್ಟಿದ. ಒಂದು ಸ್ವರ ಬಂತು. ಮೈ ನಡುಗಿತು. ಜನ ಚಪ್ಪಾಳೆ ತಟ್ಟಿದರು... ತಟ್ಟುತ್ತಲೇ ಇದ್ದರು. ನಾನೂ ತಟ್ಟಿದೆ. ಕುಶಾಲಪ್ಪ ಡ್ರಮ್ಮು ಒದ್ದು ಓಡಿ ಪ್ಲಗ್ಗು ಕೀಳುವಷ್ಟರಲ್ಲಿ ಮುಗಿದಿತ್ತು.

ಇಪ್ಪತ್ತೆರಡು ವರ್ಷ ಸಮದನಿಗೆ.

೨೨ ಫೆಬ್ರವರಿ

ಕುಶಾಲಪ್ಪನನ್ನು ಪೊಲೀಸರು ಹಿಡಿದಿದ್ದಾರೆ. ಕರೆಂಟಿನ ಕೆಲಸದಲ್ಲಿ ಅಜಾಗರೂಕತೆ. ನನ್ನ ಹೇಳಿಕೆಯನ್ನೂ ಬರೆದುಕೊಂಡರು. ಚಪ್ಪಲಿಯ ಬಗ್ಗೆ ಕೇಳಲಿಲ್ಲ. ಹೇಳಲಿಲ್ಲ.

೯ ಮಾರ್ಚ್

ಜಾಮೀನು ಸಿಕ್ಕಿ ಬಂದಿದ್ದಾನೆ. ಶಾಲೆಯ ಗೇಟಿನಲ್ಲಿ ಕಾದಿದ್ದ. ಗಡ್ಡ ಬಿಟ್ಟಿದ್ದಾನೆ.

"ಸಾವಿರ ಸಲ ಹೇಳಿದ್ದೆ ಅವನಿಗೆ. ಆದ್ರೂ ಚಪ್ಪಲಿ ಯಾಕೆ ತೆಗೆದ ಮಾಸ್ಟ್ರೇ? ನೀವು ಹತ್ರವೇ ಇದ್ರಲ್ಲ."

"ಗೊತ್ತಿಲ್ಲ," ಎಂದೆ.

ಥೂ.

೧೦ ಜುಲೈ

ನಾಳೆ ಕೋರ್ಟು. ನಾನು ಸಾಕ್ಷಿ. ಕುಶಾಲಪ್ಪ ಎಚ್ಚರಿಕೆ ಕೊಟ್ಟಿದ್ದ, ಅದನ್ನು ಮೀರುವಂತೆ ಮಾಡಿದವನು ನಾನು — ಇಷ್ಟು ಹೇಳಿದರೆ ಅವನು ಉಳಿಯುತ್ತಾನೆ ಎಂದು ಅವನ ವಕೀಲರ ಮಾತಿನಿಂದಲೇ ತಿಳಿಯಿತು. ಇಲ್ಲದಿದ್ದರೆ ಜೈಲು. ಹೇಳುವುದೆಂದು ಗಟ್ಟಿಮಾಡಿಕೊಂಡೆ. ಊಟ ಸೇರಿತು, ಎಷ್ಟೋ ದಿನದ ಮೇಲೆ.

ಮೂರು ಗಂಟೆಗೆ ಸಮದನ ತಾಯಿ ಸೈನಬ ಬಂದರು. ಕೂರಲಿಲ್ಲ.

"ಚಪ್ಪಲಿ ಮೆಟ್ಟಿಲ ಹತ್ರ ಜೋಡಿಸಿ ಇಟ್ಟಿದ್ದನಂತೆ. ಅವನಾಗಿಯೇ ತೆಗೆದದ್ದಲ್ವಾ ಮಾಸ್ಟ್ರೇ? ನಿಮ್ಮ ದೀಪಕ್ಕೆ ಮರ್ಯಾದೆ ಕೊಟ್ಟು?"

ಕುರ್ಚಿಯನ್ನು ಆಕೆಯ ಕಡೆ ಸರಿಸಿದೆ.

"ಯಾರೂ ಹೇಳಿಕೊಡದೆ ಅಷ್ಟು ಬುದ್ಧಿ ಇತ್ತು ನನ್ನ ಮಗನಿಗೆ. ನನಗೆ ಉಳಿದದ್ದು ಅದೊಂದೇ. ನಾಳೆ ಎಲ್ಲರ ಎದುರು ಹೇಳಿ, ಆಯ್ತಾ?"

"ಆಯ್ತು," ಎಂದೆ.

೧೧ ಜುಲೈ, ಬೆಳಿಗ್ಗೆ ೧೦

ಕೋರ್ಟಿನ ಜಗಲಿ. ಎದುರು ಬೆಂಚಿನಲ್ಲಿ ಕುಶಾಲಪ್ಪ, ಹೆಂಡತಿ ಪದ್ಮಾಕ್ಷಿ, ಕೈಕೂಸು. ಈಚೆ ಸೈನಬ. ಹೇಳಿದರೆ ಈಕೆಗೆ ಉಳಿದದ್ದೂ ಹೋಗುತ್ತದೆ... ಅದೂ ನೆಪವೇ. ಹೆದರಿಕೆ ನನ್ನ ಬಗ್ಗೆ. ನನ್ನ ಕೆಲಸ, ನನ್ನ ಹೆಸರು.

ಸಾಕ್ಷಿಗೆ ಕೂಗುತ್ತಿದ್ದಾರೆ. ಸೈನಬ ತಲೆಯ ಬಟ್ಟೆ ಸರಿಮಾಡಿಕೊಂಡು ನೆಟ್ಟಗೆ ಕೂತರು, ಮಗನ ಹೊಗಳಿಕೆ ಕೇಳಲು. ತೆಗೆಸಿದ್ದು ನಾನೇ ಎಂದು ಹೇಳುತ್ತೇನೆ. ಒಳಗೆ ಹೋಗಿ, ಮೊದಲು ಆಕೆಯ ಕಡೆ ತಿರುಗಿ —